ಪ್ರಮಾಣ ಹೆಜ್ಜೆಯ ಮಂಡಿನೋವು

ಸಮುದ್ರಕ್ಕೂ ವಾಸದ ಮನೆಗೂ ನಡುವೆ ಕನಿಷ್ಠ ಇನ್ನೂರು ಹೆಜ್ಜೆ ದೂರ ಇರತಕ್ಕದ್ದು. ಇದಕ್ಕಿಂತ ಒಂದು ಹೆಜ್ಜೆ ಕಡಿಮೆಯಾದರೂ ಆ ಮನೆಯನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಗೋಡೆಗೆ ಬಣ್ಣ ಬಳಿಸುವಂತೆಯೂ ಇಲ್ಲ. ಈ ನಿಯಮ ಜಾರಿಯಲ್ಲಿರಲಿ ಎಂದೇ ತೀರವಾಸ ದೂರಮಾಪನ ಕಚೇರಿಯನ್ನು ತೆರೆಯಲಾಗಿದೆ. ನಾನು ಅಲ್ಲಿ ಗುಮಾಸ್ತ.

ಹೆಜ್ಜೆ ಎಂದರೆ ಯಾರ ಹೆಜ್ಜೆ ಎಂಬ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. ಉದ್ದ ಕಾಲಿನ ನೌಕರರು ಅಳತೆಗೆ ಹೋದ ದಿನ ಮನೆಗಳು ಸಮುದ್ರಕ್ಕೆ ಹತ್ತಿರವಾಗುತ್ತಿದ್ದವು, ಗಿಡ್ಡನೆಯವರು ಹೋದ ದಿನ ದೂರ ಸರಿಯುತ್ತಿದ್ದವು. ಕಚೇರಿಯಲ್ಲಿ ಅಳತೆಯ ಟೇಪು ಇತ್ತು. ಉಪ್ಪುಗಾಳಿಗೆ ತುಕ್ಕು ಹಿಡಿದು ಡಬ್ಬಿಯಿಂದ ಹೊರಗೆ ಬರುತ್ತಿರಲಿಲ್ಲ. ಹೊಸದು ಬೇಕೆಂದು ಬರೆದಾಗ, 'ಹಳೆಯದನ್ನು ಪೂರ್ತಿ ಎಳೆದು, ಉದ್ದ ನಮೂದಿಸಿ ಹಿಂದಿರುಗಿಸಿದ ನಂತರ ಪರಿಶೀಲಿಸಲಾಗುವುದು' ಎಂದು ಉತ್ತರ ಬಂತು. ಕೊನೆಗೆ ಆ ಹೊತ್ತಿನಲ್ಲಿ ಟೀ ತರಲು ಹೊರಟಿದ್ದ ಜವಾನರ ಹೆಜ್ಜೆಯನ್ನೇ ಪ್ರಮಾಣ ಹೆಜ್ಜೆ ಎಂದು ಆದೇಶ ಹೊರಡಿಸಲಾಯಿತು.

ಅರವತ್ತಾದಾಗ ಅವರನ್ನು ಭಾಷಣ ಮಾಡಿ ಬೀಳ್ಕೊಟ್ಟೆವು. ಮರುದಿನವೇ ಹೇಳಿ ಕಳುಹಿಸಿ ಕರೆಸಿಕೊಂಡೆವು. ವ್ಯಕ್ತಿ ನಿವೃತ್ತರಾಗಬಹುದು, ಅಳತೆ ನಿವೃತ್ತವಾಗುವಂತಿಲ್ಲ. ಅಂದಿನಿಂದ ಎಲ್ಲರೂ ಅವರನ್ನು ಹೆಜ್ಜೆಯಜ್ಜ ಎನ್ನುತ್ತಾರೆ. ನೀರಿನ ಅಂಚಿನಿಂದ ಮನೆಯ ಹೊಸ್ತಿಲವರೆಗೆ ಅವರು ನಡೆಯುತ್ತಾರೆ, ಪಕ್ಕದಲ್ಲಿ ನಾನು ಪುಸ್ತಕ ಹಿಡಿದು ಎಣಿಸುತ್ತೇನೆ. ಹೆಜ್ಜೆ ಅವರದು, ಎಣಿಕೆ ನನ್ನದು, ಸಹಿ ಸಾಹೇಬರದು.

ವ್ಯವಸ್ಥೆ ಬಹಳ ಚೆನ್ನಾಗಿ ನಡೆಯಿತು. ಸಮುದ್ರ ವರ್ಷವರ್ಷವೂ ಒಂದಿಷ್ಟು ಮುಂದೆ ಬರುತ್ತಿತ್ತು. ಅಜ್ಜನ ಮಂಡಿನೋವು ವರ್ಷವರ್ಷವೂ ಒಂದಿಷ್ಟು ಹೆಚ್ಚಾಗಿ ಹೆಜ್ಜೆ ಚಿಕ್ಕದಾಗುತ್ತಿತ್ತು. ಎರಡೂ ಒಂದಕ್ಕೊಂದು ಹೊಂದಿಕೊಂಡು ಹೋದದ್ದರಿಂದ ನಮ್ಮ ಪುಸ್ತಕದಲ್ಲಿ ಯಾವ ಮನೆಯೂ ಇನ್ನೂರಕ್ಕಿಂತ ಕೆಳಗಿಳಿಯಲಿಲ್ಲ. ಮರಳಿನ ಮೇಲಿದ್ದ ಐಸ್‌ಕ್ರೀಂ ಅಂಗಡಿ ನೀರೊಳಗೆ ಹೋದ ವರ್ಷವೂ ಸಮುದ್ರ ಇದ್ದಲ್ಲೇ ಇದೆ ಎಂದೇ ವರದಿ ಬರೆದೆ. ಅಂಗಡಿ ಸ್ಥಳಾಂತರಗೊಂಡಿದೆ ಎಂದು ಕೆಳಗೆ ಸೇರಿಸಿದೆ.

ಹೀಗಿರುವಾಗ ತೀರದ ಬೀದಿಯ ಹಳದಿ ಮನೆ ಮಾರಾಟಕ್ಕೆ ಬಂತು. ಮನೆ ಗಡಿಯಾರ ರಿಪೇರಿಯವರದು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನಲವತ್ತು ವರ್ಷ ದುಡಿದು ಬಿಟ್ಟವರು, ಬೀದಿಗೆಲ್ಲ ನರ್ಸಕ್ಕ. ಗಡಿಯಾರದವರು ರಿಪೇರಿ ಮಾಡಿಕೊಟ್ಟ ಗಡಿಯಾರ ನಾಲ್ಕೇ ದಿನಕ್ಕೆ ನಿಲ್ಲುತ್ತಿತ್ತು, ಯಾಕೆಂದರೆ ರಿಪೇರಿ ಆಗುವಾಗಲೇ ಅದರೊಳಗೆ ಉಪ್ಪುಗಾಳಿ ಸೇರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಒಳನಾಡಿನಲ್ಲಿ, ರೈಲು ನಿಲ್ದಾಣದ ಎದುರು, ಗಾಳಿಯೇ ಆಡದ ಒಂದು ಅಂಗಡಿ ಅವರ ಕಣ್ಣಿಗೆ ಬಿದ್ದಿತ್ತು. ಮೇಲೆ ಎರಡು ಕೋಣೆ. ತಿಂಗಳ ಕೊನೆಯೊಳಗೆ ಬರದಿದ್ದರೆ ಬೇರೆಯವರಿಗೆ ಎಂದು ಅಂಗಡಿಯವರು ಹೇಳಿಬಿಟ್ಟಿದ್ದರು.

ಮಾರಾಟವನ್ನು ವಹಿಸಿಕೊಂಡ ದಲ್ಲಾಳಿ ಕಡಲಮನೆಗಳಲ್ಲೇ ಕೂದಲು ನರೆಸಿಕೊಂಡವನು.

"ಮನೆ ತೋರಿಸೋದು ಇಳಿತದ ಹೊತ್ತಲ್ಲಿ ಮಾತ್ರ," ಎಂದು ಅವನು ದಂಪತಿಗೆ ತಿಳಿಹೇಳಿದ. "ಭರತ ಬಂತೋ, ಗಿರಾಕೀನ ಅಡುಗೆಮನೆಗೆ ಕರ್ಕೊಂಡು ಹೋಗಿ. ಕಿಟಕಿ ಚಿಲಕ ಮುಟ್ಟಬೇಡಿ, ಕೈಗೇ ಬರುತ್ತೆ. ಕೊಳ್ಳೋರಿಗೆ ನಾನು ಮಳೆಗಾಲದಲ್ಲಿ ನೋಡಿ ಅಂತೀನಿ, ಮಾರೋರಿಗೆ ಬೇಸಿಗೇಲಿ ತೋರಿಸಿ ಅಂತೀನಿ. ಅದಕ್ಕೇ ವ್ಯವಹಾರ ಕುದುರೋದೆಲ್ಲ ಚಳಿಗಾಲದಲ್ಲಿ."

ಮನೆ ನೋಡಲು ಬಂದವರು ಒಬ್ಬ ನಿವೃತ್ತ ಬಸ್ ಚಾಲಕರು. ವರಾಂಡದ ಮೆಟ್ಟಿಲ ಮೇಲೆ ಕೂತು ಒಂದು ಗಳಿಗೆ ಅಲೆ ನೋಡಿದರು. "ಮೂವತ್ತೊಂದು ವರ್ಷ ನಾನು ಓಡ್ತಿದ್ದೆ, ನೋಡೋದೆಲ್ಲ ನಿಂತಿತ್ತು. ಇನ್ಮೇಲೆ ನಾನು ಕೂತಿರ್ತೀನಿ, ಅದು ಓಡ್ಲಿ," ಎಂದರು.

ನರ್ಸಕ್ಕ ಸುಳ್ಳು ಹೇಳುವವರಲ್ಲ. "ಮಳೆಗಾಲದಲ್ಲಿ ಬಾಗಿಲು ಉಬ್ಬುತ್ತೆ, ಭುಜ ಕೊಟ್ಟು ತಳ್ಳಬೇಕು. ಕಬ್ಬಿಣದ ತಿರುಪು ಹಾಕ್ಸಬೇಡಿ, ಹಿತ್ತಾಳೇದು ಹಾಕ್ಸಿ. ದಿನಾ ಸಂಜೆ ಕಿಟಕಿ ಗಾಜನ್ನ ಸಿಹಿನೀರಲ್ಲಿ ಒರೆಸಬೇಕು. ಎಷ್ಟು ಗುಡಿಸಿದ್ರೂ ಹಾಸಿಗೆಯಲ್ಲಿ ಮರಳು ಇದ್ದೇ ಇರುತ್ತೆ."

ದಲ್ಲಾಳಿ ಕಣ್ಣು ಮುಚ್ಚಿಕೊಂಡ. ಚಾಲಕರು ಮಾತ್ರ ಅರಳಿದರು. "ನನ್ನ ಬಸ್ಸೂ ಥೇಟ್ ಹೀಗೇ ಇತ್ತು ಅಕ್ಕಾ. ಬಿಟ್ಟು ಬಂದಾಗಿಂದ ಕೈ ಖಾಲಿ ಖಾಲಿ ಅನ್ನಿಸ್ತಿತ್ತು." ಮಾತು ಮುಗಿಯಿತು. ಇನ್ನು ಬೇಕಾದದ್ದು ಇನ್ನೂರು ಹೆಜ್ಜೆ ಇದೆ ಎನ್ನುವ ನಮ್ಮ ಕಚೇರಿಯ ದೂರಪತ್ರ ಒಂದೇ.

ಅಳತೆಯ ದಿನ ಅಜ್ಜ ನಲವತ್ತನೆಯ ಹೆಜ್ಜೆಗೆ ಮರಳ ಮೇಲೆ ಕೂತುಬಿಟ್ಟರು. ಮಂಡಿ ಊದಿ ಗುಂಡಗಾಗಿತ್ತು. ನಡುವೆ ಕೂತರೆ ಅಳತೆ ಅಸಿಂಧುವಾಗುವುದರಿಂದ ನಾನು ಪುಸ್ತಕ ಮುಚ್ಚಿದೆ. ನರ್ಸಕ್ಕ ಮಾತ್ರ ಸೆರಗು ಸಿಕ್ಕಿಸಿಕೊಂಡು ಬಂದು ಅಜ್ಜನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಎಷ್ಟು ವರ್ಷದಿಂದ ಹೀಗಿದೆ?"

"ಒಂಬತ್ತಾಯ್ತಮ್ಮ."

"ಯಾರೂ ನೋಡಲಿಲ್ವಾ?"

"ನೋಡ್ತಾರಲ್ಲ, ಕಚೇರಿಯೋರೆಲ್ಲ. ಎಣಿಸ್ಕೊಂಡು ಹೋಗ್ತಾರೆ."

ಎರಡು ವಾರ ನರ್ಸಕ್ಕ ಬಿಸಿ ಮರಳಿನ ಚೀಲ ಕಟ್ಟಿ ಶಾಖ ಕೊಟ್ಟರು. ಕುರ್ಚಿಯಲ್ಲಿ ಕೂರಿಸಿ, ಕಾಲು ನೆಟ್ಟಗೆ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯುವುದನ್ನು ಅಭ್ಯಾಸ ಮಾಡಿಸಿದರು. ಊತ ಇಳಿಯಿತು. ಹನ್ನೆರಡನೆಯ ದಿನ ಅಜ್ಜ ಮಹಡಿಯ ಮೇಲಿರುವ ತಮ್ಮನ ಮನೆಗೆ ಒಬ್ಬರೇ ಹತ್ತಿ ಹೋದರಂತೆ. ಅಲ್ಲಿ ಅವರು ಕೂರುತ್ತಿದ್ದ ಕುರ್ಚಿಯನ್ನು ಆ ತಮ್ಮ ಒಂಬತ್ತು ವರ್ಷದಿಂದ ಯಾರಿಗೂ ಕೊಟ್ಟಿರಲಿಲ್ಲವಂತೆ.

ಎರಡನೆಯ ಅಳತೆಗೆ ಅಜ್ಜ ಬೀಸುನಡಿಗೆಯಲ್ಲಿ ಹೊರಟರು. ನಾನು ಪುಸ್ತಕ ಹಿಡಿದು ಹಿಂದೆ ಓಡಬೇಕಾಯಿತು. ಹಳದಿ ಮನೆಯ ಹೊಸ್ತಿಲು ನೂರ ಮೂವತ್ತೊಂದಕ್ಕೆ ಬಂತು.

ಎರಡು ದಿನದಲ್ಲಿ ಎರಡು ನೋಟಿಸು ಹೊರಟವು. ಒಂದು ಗಡಿಯಾರದವರಿಗೆ: 'ತಮ್ಮ ಮನೆಯು ಪೂರ್ವಾನುಮತಿಯಿಲ್ಲದೆ ಸಮುದ್ರದ ಕಡೆಗೆ ಅರವತ್ತೊಂಬತ್ತು ಹೆಜ್ಜೆ ಚಲಿಸಿರುವುದು ಕಂಡುಬಂದಿದ್ದು, ಏಳು ದಿನದೊಳಗೆ ಮೊದಲಿನ ಸ್ಥಳಕ್ಕೆ ಮರಳತಕ್ಕದ್ದು.' ಇನ್ನೊಂದು ನರ್ಸಕ್ಕನಿಗೆ: 'ಕಚೇರಿಯ ಅಧಿಕೃತ ಅಳತೆ ಸಾಧನವನ್ನು ತಾವು ಖಾಸಗಿಯಾಗಿ ದುರಸ್ತಿ ಮಾಡಿರುತ್ತೀರಿ.' ಎರಡನ್ನೂ ನಾನೇ ಬರೆದೆ. ಬರವಣಿಗೆ ಚೆನ್ನಾಗಿದೆ ಎಂದು ಸಾಹೇಬರು ಮೆಚ್ಚಿದರು.

ಅವರ ಮೆಚ್ಚುಗೆ ಸಂಜೆಯವರೆಗೆ ಉಳಿಯಿತು. ಆಮೇಲೆ ಅವರಿಗೆ ಹೊಳೆಯಿತು, ಒಂದು ಮನೆ ಚಲಿಸಿದ್ದರೆ ಬೀದಿಯ ನಲವತ್ತೆರಡೂ ಮನೆ ಚಲಿಸಿರಲೇಬೇಕು. ಎಲ್ಲಕ್ಕಿಂತ ಮುಂದೆ ಚಲಿಸಿದ್ದು ಬೀದಿಯ ಕೊನೆಯ ಮೂರಂತಸ್ತಿನ ಮನೆ. ಅದು ಸಾಹೇಬರ ಹೆಂಡತಿಯ ಹೆಸರಿನಲ್ಲಿದೆ. ಅದನ್ನು ಕಟ್ಟುವಾಗ ಅಜ್ಜನ ಮಂಡಿ ಅತ್ಯಂತ ಕೆಟ್ಟ ಸ್ಥಿತಿಯಲ್ಲಿದ್ದ ವಾರವನ್ನೇ ನೋಡಿ ಅಳತೆ ಇಡಿಸಲಾಗಿತ್ತು.

ಹಳದಿ ಮನೆಯ ಹಜಾರದಲ್ಲಿ ಬೀದಿಯವರ ಸಭೆ ಸೇರಿತು. ಅಜ್ಜನ ಕಾಲಿಗೆ ಬುದ್ಧಿ ಹೇಳುವ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು. ಬಣ್ಣ ಬಳಿಯುವವನು ಒಂದು ಸೈಜು ಚಿಕ್ಕ ಬೂಟು ಹಾಕಿಸೋಣ ಎಂದ. ಬೇಕರಿಯವರು ತಮ್ಮಲ್ಲಿ ಮೈದಾ ಮೂಟೆ ಇದೆ, ಹೊರಿಸಬಹುದು ಎಂದರು. ಸಾಹೇಬರು ನಿಯಮದ ಪುಸ್ತಕ ತೆಗೆದು, ನಡಿಗೆ ಸಹಜವಾಗಿರತಕ್ಕದ್ದು ಎಂದು ಓದಿ ಹೇಳಿ, ನರ್ಸಕ್ಕನ ಕಡೆ ತಿರುಗಿದರು.

"ನೀವೇ ಮಾಡಿದ್ದು, ನೀವೇ ಸರಿಪಡಿಸಬೇಕು. ಮಂಡಿಯನ್ನ ಹಿಂದಿನ ಸ್ಥಿತಿಗೆ ತಂದುಕೊಡಿ. ನೋಟಿಸು ವಾಪಸ್ ತಗೋತೀವಿ."

ಗಡಿಯಾರದವರು ಹೆಂಡತಿಯ ಮುಖ ನೋಡಿದರು. ರೈಲು ನಿಲ್ದಾಣದ ಎದುರಿನ ಅಂಗಡಿಗೆ ಇನ್ನು ಐದು ದಿನ ಇತ್ತು.

"ನಲವತ್ತು ವರ್ಷ ನೋವು ತೆಗೆಯೋದು ಕಲಿತಿದೀನಿ ಸಾರ್," ಎಂದರು ನರ್ಸಕ್ಕ. "ಕೊಡೋದು ನನಗೆ ಬರಲ್ಲ."

ಅಜ್ಜ ಎದ್ದು ನಿಂತರು. "ನಾನೇ ಕುಂಟ್ತೀನಮ್ಮ. ನಿಮ್ಮ ಅಂಗಡಿ ಕೈ ತಪ್ಪೋದು ಬೇಡ." ಹಜಾರದ ಉದ್ದಕ್ಕೂ ಕುಂಟಿ ತೋರಿಸಿದರು. ಆದರೆ ಎಡಗಾಲು ಕುಂಟಬೇಕೋ ಬಲಗಾಲೋ ಎಂಬುದು ಅವರಿಗೆ ಅಷ್ಟರಲ್ಲೇ ಮರೆತುಹೋಗಿತ್ತು.

ಗಡಿಯಾರದವರು ಕೈ ಹಿಡಿದು ಅವರನ್ನು ಕೂರಿಸಿದರು. "ಬೇಡ ಅಜ್ಜ. ಅಂಗಡಿ ಇನ್ನೊಂದು ಸಿಗುತ್ತೆ." ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಸಭೆ ಯಾವ ತೀರ್ಮಾನಕ್ಕೂ ಬಾರದೆ ಎದ್ದಿತು. ಆ ಹೊತ್ತಿಗೆ ಅಜ್ಜನ ಹೆಂಡತಿ ಅವರನ್ನು ಹುಡುಕಿಕೊಂಡು ಬಂದರು. ಬಿಸಿಲು ತಗ್ಗಿತ್ತು. ಗಂಡ ಗಟ್ಟಿಯಾಗಿ ನಡೆಯುತ್ತಿರುವುದರಿಂದ ಒಂದು ಸುತ್ತು ಹೋಗಿಬರೋಣ ಎಂದು ಕರೆದುಕೊಂಡು ಹೋದರು. ಇಬ್ಬರೂ ನೀರಿನ ಅಂಚಿನವರೆಗೆ ಹೋಗಿ ತಿರುಗಿದರು. ಅಜ್ಜ ಕಾಲೆತ್ತಿದ್ದನ್ನು ಕಂಡರೆ ನನ್ನ ಬಾಯಿ ತಾನಾಗಿಯೇ ಎಣಿಸುತ್ತದೆ. ಹತ್ತಿರ ಹೋಗಿ ಎಣಿಸತೊಡಗಿದೆ.

"ರೀ, ನಿಧಾನ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ," ಎಂದರು ಅಜ್ಜಿ.

"ನಿಧಾನಾನೇ ಹೋಗ್ತಿದೀನಲ್ಲೇ."

"ಎಲ್ಲಿ ನಿಧಾನ? ನೋಡಿ, ನನ್ನ ಚಪ್ಪಲಿಗೆ ಮರಳು ಹೋಯ್ತು. ಆ ಮನೆ ಸೊಸೆ ಬಂದಿದಾಳೇನು? ಪರದೆ ಹೊಸದಾಗಿದೆ."

ಅಜ್ಜ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿದರು. ಪರದೆ ನೋಡಲು ನಿಂತರು, ಕಪ್ಪೆಚಿಪ್ಪು ನೋಡಲು ಬಗ್ಗಿದರು, ನಿಂತಲ್ಲೇ ಕಾಲು ಬದಲಾಯಿಸಿದರು. ಹಳದಿ ಮನೆಯ ಹೊಸ್ತಿಲು ಮುಟ್ಟುವಾಗ ನನ್ನ ಎಣಿಕೆ ಇನ್ನೂರ ಹದಿನಾರಕ್ಕೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೆ ಪುಸ್ತಕ ತೋರಿಸಿದೆ. ಅವರು ಎರಡು ಸಲ ನೋಡಿದರು.

"ಅಜ್ಜ, ಇದು ನಿಮ್ಮ ಸಹಜ ನಡಿಗೆಯಾ?"

"ಮದುವೆ ಆದಾಗಿಂದ ಇದೇ ಸಾಹೇಬ್ರೆ."

ಮರುದಿನ ಆದೇಶವಾಯಿತು: 'ವಿವಾಹಿತ ನೌಕರನ ಸಹಜ ನಡಿಗೆಯೆಂದರೆ ಪತ್ನಿಸಮೇತನಾಗಿ ನಡೆಯುವ ನಡಿಗೆಯೆಂದು ತಿಳಿಯತಕ್ಕದ್ದು.' ಅಜ್ಜಿಯನ್ನು ಸಹನಡಿಗೆ ಅಧಿಕಾರಿಯಾಗಿ ನೇಮಿಸಲಾಯಿತು. ಸಂಜೆ ಐದಕ್ಕೆ ಮುಂಚೆ ಬಿಸಿಲಿಗೆ ಬರುವುದಿಲ್ಲ, ಮಾತಾಡುವಾಗ ಯಾರೂ ಬಾಯಿ ಹಾಕಬಾರದು ಎಂದು ಅವರು ಎರಡು ಷರತ್ತು ಹಾಕಿದರು. ಕಚೇರಿ ಎರಡನ್ನೂ ಒಪ್ಪಿತು. ಹಳದಿ ಮನೆ ಮೊದಲಿನ ಸ್ಥಳಕ್ಕೆ ಮರಳಿದೆ ಎಂದು ದಾಖಲಾಯಿತು. ತಿಂಗಳ ಕೊನೆಯ ದಿನ ಗಡಿಯಾರದವರ ಸಾಮಾನು ರೈಲು ನಿಲ್ದಾಣದ ಎದುರು ಇಳಿಯಿತು. ಅಲ್ಲಿ ಅವರು ರಿಪೇರಿ ಮಾಡಿದ ಗಡಿಯಾರಗಳು ನಡೆಯುತ್ತಿವೆ ಎಂದು ಕೇಳಿದ್ದೇನೆ. ನರ್ಸಕ್ಕ ವಾರಕ್ಕೊಮ್ಮೆ ಫೋನು ಮಾಡಿ, ಕಾಲೆತ್ತುವ ಅಭ್ಯಾಸ ತಪ್ಪಿಸಿಲ್ಲ ತಾನೇ ಎಂದು ಅಜ್ಜನನ್ನು ವಿಚಾರಿಸಿಕೊಳ್ಳುತ್ತಾರೆ. ದಲ್ಲಾಳಿ ಈಗ ಗಿರಾಕಿಗಳಿಗೆ, ಕಡಲಂಚಿನ ಮನೆ ಕೊಳ್ಳುವ ಮೊದಲು ಅಜ್ಜಿಯ ಆರೋಗ್ಯ ವಿಚಾರಿಸಿ ಎಂದು ಸಲಹೆ ಕೊಡುತ್ತಾನೆ.

ಕಡಲು ಭಾರೀ ಉಕ್ಕಿದ್ದ ಈ ವರ್ಷದ ಮಳೆಗಾಲ ಕಳೆದ ಮೇಲೆ ಬಸ್ ಚಾಲಕರು ಗೋಡೆಗೆ ಬಣ್ಣ ಬಳಿಸಲು ಅರ್ಜಿ ಹಾಕಿದರು. ಸಂಜೆ ಐದಕ್ಕೆ ನಾವೆಲ್ಲ ಹೋದೆವು. ಚಾಲಕರು ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗಿನ ಮೆಟ್ಟಿಲು ನೀರಿನಲ್ಲಿತ್ತು, ಅವರ ಪಾದಗಳು ಆ ಮೆಟ್ಟಿಲ ಮೇಲಿದ್ದವು.

ನೀರಿನ ಅಂಚಿನಲ್ಲಿ ನಿಂತ ಅಜ್ಜಿ ಮೆಟ್ಟಿಲನ್ನು ಪರೀಕ್ಷಿಸಿದರು. "ಪಾಚಿ ಕಟ್ಟಿದೆ. ನಾನಂತೂ ಇಲ್ಲಿ ಹತ್ತಲ್ಲಪ್ಪ. ಹಿಂದಿನ ಬಾಗಿಲಿಂದ ಹೋಗೋಣ ಬನ್ನಿ."

ನಿಯಮದಲ್ಲಿ ನೇರವಾಗಿ ನಡೆಯಬೇಕೆಂದು ಎಲ್ಲೂ ಹೇಳಿಲ್ಲ. ಇಬ್ಬರೂ ಕಾಂಪೌಂಡು ಬಳಸಿ, ಬೇಕರಿಯವರ ಓಣಿ ಹಿಡಿದು, ಅಲ್ಲಿ ಒಂದು ಮಾತಾಡಿ, ಹಿತ್ತಿಲಿನಿಂದ ಅಡುಗೆಮನೆ ಹೊಕ್ಕು, ಹಜಾರ ದಾಟಿ ಮುಂಬಾಗಿಲ ಹೊಸ್ತಿಲಿಗೆ ಬಂದರು. ಸಾಹೇಬರು ಪ್ಯಾಂಟು ಮಡಚಿಕೊಂಡು ನೀರಿನಲ್ಲೇ ನಿಂತು ದೂರಪತ್ರಕ್ಕೆ ಸಹಿ ಹಾಕಿದರು. ಬಣ್ಣದವನು ಡಬ್ಬಿಯ ಮುಚ್ಚಳ ತೆಗೆದ.

"ಎಷ್ಟು ಬಂತು ಸಾರ್?" ಎಂದರು ಚಾಲಕರು, ಒಂದು ಅಲೆಗೆ ದಾರಿಬಿಡಲು ಕಾಲು ಮೇಲೆತ್ತಿಕೊಂಡು.

"ಇನ್ನೂರ ಮೂವತ್ತೊಂದು."

ಚಾಲಕರ ಮುಖ ಸ್ವಲ್ಪ ಸಪ್ಪಗಾಯಿತು. ಅಲೆ ಹೋದ ಮೇಲೆ ಕಾಲನ್ನು ಮತ್ತೆ ನೀರಿಗೆ ಬಿಟ್ಟರು.

"ಹೋದ ಸಲಕ್ಕಿಂತ ಹದಿನೈದು ಹೆಜ್ಜೆ ದೂರ ಹೋಗಿದೆಯಲ್ಲ ಸಾರ್. ಕಡಲು ಹತ್ತಿರ ಇರಲಿ ಅಂತಲೇ ನಾನು ಈ ಮನೆ ಕೊಂಡಿದ್ದು."

"ಚಿಂತೆ ಮಾಡಬೇಡಿ," ಎಂದರು ಸಾಹೇಬರು. "ಒಂದು ಅರ್ಜಿ ಕೊಟ್ಟಿರಿ, ಹತ್ತಿರ ತರಿಸೋಣ."