ಕಾಕಾನ ದನಿಯಲ್ಲಿ ಕೊಟ್ಟ ಒಪ್ಪಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಷೇರುಪೇಟೆಯಲ್ಲಿರುವ ಒಂದು ಕಂಪನಿಯ ಮಾನ ಹರಾಜಾಗುವ ಹಂತಕ್ಕೆ ಬಂದದ್ದು ನನ್ನ ಗಂಟಲಿನಿಂದ. ಆದರೆ ನಮ್ಮ ಕಾಕಾ ನನಗಿಂತ ದೊಡ್ಡ ತಿಕ್ಕಲು. ಹರಾಜು ಕೂಗಿದ್ದು ಅವರೇ!

ಧಾರವಾಡದಿಂದ ಕಾಂಗರೂ ನಾಡಿಗೆ ಬಂದು ಟೂಂಗಾಬಿ ಎಂಬ ಬಡಾವಣೆಯಲ್ಲಿ ನೆಲೆಸಿದ ಕಾಕಾ, ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಆಂತರಿಕ ನಿಯಂತ್ರಣದ ಮುಖ್ಯಸ್ಥರು. ಅಂದರೆ? ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಬೇಕು, ನೋಡಿದ್ದಕ್ಕೆ ಸಹಿ ಬೇಕು. ಕಂಪನಿಯ ಷೇರು ಅಮೆರಿಕದಲ್ಲೂ ಮಾರಾಟಕ್ಕಿದ್ದುದರಿಂದ, ಈ ಕಾವಲಿನಲ್ಲಿ ದೊಡ್ಡ ತೂತಿದ್ದರೆ ವಾರ್ಷಿಕ ವರದಿಯಲ್ಲಿ ಷೇರುದಾರರಿಗೆ ಹೇಳಲೇಬೇಕು, ಕಾನೂನು. ಕಾಕಾ ಇದನ್ನು ಅಡುಗೆಮನೆಗೂ ತಂದಿದ್ದರು. ಸಾರಿಗೆ ಉಪ್ಪು ಹಾಕಿದವರು ರುಚಿ ನೋಡುವಂತಿಲ್ಲ!

"ಉಪ್ಪು ಹಾಕಿದಾಕಿ ನೀ. ಸರಿ ಅದ ಅಂತ ನೀನ ಹೆಂಗ ಹೇಳ್ತಿ?"

"ಹಂಗಾರ ಉಣ್ಣಾಕೂ ಬ್ಯಾರೆ ಮನಿಷಾನ್ನ ಕರಸ್ಲೇನ್ರಿ?" ಎನ್ನುತ್ತಿದ್ದರು ಚಿಕ್ಕಮ್ಮ, ಅಂದರೆ ನಮ್ಮ ಕಾಕು.

ಒಂದು ಶನಿವಾರ ಕಾಕಾ ಸ್ನಾನಕ್ಕೆ ಹೋಗಿದ್ದಾಗ ಅವರ ಫೋನ್ ಬಡಿದುಕೊಂಡಿತು. ಆಫೀಸಿನ ಹುಡುಗಿ: ಹೊಸ ಸಪ್ಲೈಯರ್ ಒಬ್ಬನನ್ನು ಪಟ್ಟಿಗೆ ಸೇರಿಸಲೇ? ಅವರ ಮನೆಯಲ್ಲೇ ಇದ್ದು ಎಲ್ಲರ ದನಿ ಅಣಕಿಸುತ್ತಿದ್ದ ನನಗೆ ನಾಲಿಗೆ ತುರಿಸಿತು. ಕಾಕಾನಂತೆ ಎರಡು ಸಲ ಕೆಮ್ಮಿ, ಮೂಗಿನಲ್ಲಿ "ಯೆಸ್ ಯೆಸ್, ಪ್ರೊಸೀಡ್" ಎಂದೆ. ಆಕೆ ಥ್ಯಾಂಕ್ಸ್ ಹೇಳಿ ಇಟ್ಟಳು! ಈ ಸಾಧನೆಯನ್ನು ವರದಿ ಮಾಡಲು ಬಾತ್‌ರೂಮಿನ ಬಾಗಿಲಲ್ಲೇ ಕಾದೆ. ಟವೆಲ್ ಸುತ್ತಿಕೊಂಡು ಬಂದ ಕಾಕಾ ನಗಲಿಲ್ಲ.

ಸೋಮವಾರ ತಪಾಸಣೆ ನಡೆಯಿತು. ಸಪ್ಲೈಯರ್ ಅಸಲಿಯೇ. ಆದರೆ ವರ್ಷವಿಡೀ ಒಪ್ಪಿಗೆಗಳೆಲ್ಲ ಹೀಗೆ ಫೋನಿನಲ್ಲೇ, ಸಹಿಯಿಲ್ಲದೆ ನಡೆದಿದ್ದವು. ಆ ರೂಢಿ ಹಾಕಿದ ಮಹಾನುಭಾವರು ಯಾರು? ಸ್ವತಃ ಕಾಕಾ! ಕೆಲಸ ಬೇಗ ಆಗಲಿ ಅಂತ.

"ವರದಿಯೊಳಗ ಬರೀಬೇಕು," ಎಂದರು ಕಾಕಾ, ಮನೆಗೆ ಬಂದು.

"ಬರದ್ರ ನಿಮ್ಮ ನೌಕರಿಗೇ ಬರ್ತದ. ಬರೀಲಿಲ್ಲಂದ್ರ ಯಾರಿಗೆ ಗೊತ್ತಾಗ್ತದ?" ಕಾಕು ಅಳುವಂತಾದರು.

ಕಾಕಾ ನನ್ನತ್ತ ಬೆರಳು ತೋರಿಸಿದರು. "ಇಂವಗ ಗೊತ್ತದ. ಅಂದ್ರ ಟೂಂಗಾಬಿಗೆಲ್ಲಾ ಗೊತ್ತಾದಂಗ."

ಮೆಲ್ಬರ್ನ್‌ನ ಮುಖ್ಯ ಕಚೇರಿಯಿಂದ ಕಾಕಾಗೆ ಬುಲಾವ್ ಬಂತು. ಬರೆದರೆ ಆಗುವ ನಷ್ಟವನ್ನು ನಿರ್ದೇಶಕರು ಬೆರಳು ಮಡಚಿ ಎಣಿಸಿದರಂತೆ: ಸಲಹೆಗಾರರ ಫೀಸು, ಮರು ತಪಾಸಣೆ, ಷೇರು ಬೆಲೆ. "ಲಾಭ ಏನು ಹೇಳಿ?" ಕಾಕಾ ಅಂದದ್ದಿಷ್ಟೇ: "ಈಗ ಕೆಟ್ಟದ್ದನ್ನು ನಾವೇ ಹೇಳಿದರೆ, ಮುಂದೆ ಒಳ್ಳೆಯದನ್ನು ಹೇಳಿದಾಗ ಜನ ನಂಬುತ್ತಾರೆ."

ತೂತಿನ ಸಮೇತ ವರದಿ ಅಚ್ಚಾಯಿತು. ಷೇರು ಕೆಲವು ದಿನ ಇಳಿದು ಮತ್ತೆ ಏರಿತು. ಕಾಕಾ ಮುಖ್ಯಸ್ಥರ ಕುರ್ಚಿಯಿಂದ ಇಳಿದರು; ಮತ್ತೆ ಏರಲಿಲ್ಲ.

ಊಟಕ್ಕೆ ಕೂತಾಗ ವರದಿಯ ಆ ಪುಟ ಓದಿದೆ. ಲಿಖಿತ ಒಪ್ಪಿಗೆ ಇರಲಿಲ್ಲ ಎಂದಷ್ಟೇ ಇತ್ತು. ಫೋನೆತ್ತಿದ ಕಪಿಯ ಸುದ್ದಿಯೇ ಇಲ್ಲ. ಯಾರನ್ನೂ ಅಣಕಿಸದೆ, ನನ್ನದೇ ದನಿಯಲ್ಲಿ ಕೇಳಿದೆ: "ಕಾಕಾ, ತಪ್ಪು ನಂದು. ನನ್ನ ಹೆಸರು ಯಾಕ ಹೇಳ್ಲಿಲ್ಲ?"

"ಕೀಲಿ ಹಾಕದ ಬಾಗಲಾ ನಂದಲೇ. ನೀ ಬರೇ ನೂಕಿದಿ. ಉಣ್ಣು."