ಪೂರಿಗಾಲಿಯ ಹೊಸ ಮಧುಮೇಹ

ದೇವಿರಮ್ಮ: ಬೆಲ್ಲದ ಪೆಟ್ಗೆ ಬೀಗದ ಕೈ ನನ್ ಸೊಂಟ್ದಲ್ಲೈತೆ ಡಾಕ್ಟ್ರೆ! ನೋಡ್ಕಳಿ, ಇಲ್ಲೇ ನೇತಾಡ್ತೈತೆ! ಮೊಮ್ಮಗ್ಳು ಕದ್ದು ತಿಂದ್ಲು ಅಂದ್ರೆ ನನ್ ಸೊಂಟಾನೂ ಕದ್ಕಂಡೋಗಿರ್ಬೇಕು.

ಡಾಕ್ಟರು: ಸೊಂಟದ ಮಾತು ಬಿಡಿ ಅಜ್ಜಿ. ಈ ಗಾಜಿನ ನಳಿಗೆ ನೋಡಿ. ದೀಪಕ್ಕೆ ಹಿಡಿಯೋಕೆ ಮುಂಚೆ ನೀಲಿ. ಈಗ? ಇಟ್ಟಿಗೆ ಕೆಂಪು! ಹನ್ನೊಂದು ದಿನದಿಂದ ಇದೇ ಕೆಂಪು.

ದೇವಿರಮ್ಮ: ಕೆಂಪಾದ್ರೆ ಏನಾಯ್ತು? ಕುಂಕ್ಮದ ಬಣ್ಣ, ಒಳ್ಳೇದೇ.

ಡಾಕ್ಟರು: ಹಣೆಯ ಮೇಲೆ ಒಳ್ಳೇದು, ನಳಿಗೆಯಲ್ಲಿ ಅಲ್ಲ. ಕೆಂಪು ಅಂದರೆ ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ ಅಂತ. ನೀಲಿಯಾಗೇ ಉಳಿದರೆ ಇಲ್ಲ ಅಂತ. ಇವಳ ತಾಯಿ ಕರೆತರುತ್ತಿದ್ದಾಗ ತಿಂಗಳೆಲ್ಲ ನೀಲಿ. ತಾಯಿ ನಾಟಿ ಕೆಲಸಕ್ಕೆ ಅಂತ ಊರಿಗೆ ಹೋದಳು, ನೀವು ಬಂದಿರಿ, ಕೆಂಪು ಬಂತು. ನಾನೇನು ತಿಳಿದುಕೊಳ್ಳಬೇಕು?

ದೇವಿರಮ್ಮ: ಅತ್ತೆ ಕಾಲಿಟ್ಲು, ಕೆಂಪಾಯ್ತು ಅಂತ ನನ್ ಸೊಸೆ ಏಳಿದ್ಲಾ?

ಡಾಕ್ಟರು: ಸೊಸೆ ಹೇಳಲಿಲ್ಲ, ನಳಿಗೆ ಹೇಳಿತು.

ದೇವಿರಮ್ಮ: ಅಂಗಾರೆ ಈ ನಳಿಗೇನೂ ನನ್ ಸೊಸೆ ಕಡೀಕೇ ಸೇರ್ಕಂಡೈತೆ ಬುಡಿ.

ಇದು ಮಳವಳ್ಳಿಯ ಪೇಟೆಬೀದಿಯಲ್ಲಿ ಒಂದು ಬಾಡಿಗೆಮನೆಯ ಮುಂಗೋಣೆ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧವು ಮೊದಲಾದ ಮರುವರ್ಷ. ಮೈಸೂರಿನಿಂದ ಬಂದ ಈ ಡಾಕ್ಟರು ಆ ಸೀಮೆಯಲ್ಲಿ ಕುತ್ತಿಗೆಗೆ ಗಂಟು ಕಟ್ಟುವ ಗಳಗಂಡದ ರೋಗಿಗಳನ್ನೂ ಮಧುಮೇಹವುಳ್ಳ ಏಳು ಮಂದಿ ಮಕ್ಕಳನ್ನೂ ಪರೀಕ್ಷಿಸಿ, ಕಂಡುದನ್ನೆಲ್ಲ ಬರೆದಿಡುವ ಸಂಶೋಧನೆಯನ್ನು ಕೈಕೊಂಡು ಅಲ್ಲಿ ನೆಲಸಿದ್ದರು. ಏಳು ಮಕ್ಕಳಲ್ಲಿ ಒಬ್ಬಳು ಪೂರಿಗಾಲಿಯ ಹತ್ತು ವರುಷದ ಚಿಕ್ಕನಂಜಮ್ಮ. ಮನೆಮಂದಿಯ ಬಾಯಲ್ಲಿ ನಂಜಿ. ದಿನಕ್ಕೊಂದು ಇನ್ಸುಲಿನ್ ಸೂಜಿಯ ನಿಮಿತ್ತ ಆಕೆಯು ಮಳವಳ್ಳಿಯ ಬಂಧುಗಳಲ್ಲಿ ತಂಗಿದ್ದಳು. ಬೆಳಗಾಗುತ್ತಲೆ ಡಾಕ್ಟರು ಕೊಟ್ಟ ಸೀಸೆಯಲ್ಲಿ ಮೂತ್ರವನ್ನು ತಂದೊಪ್ಪಿಸುವುದು, ಸೂಜಿಯನ್ನು ಚುಚ್ಚಿಸಿಕೊಳ್ಳುವುದು, ಮರುದಿನಕ್ಕಾಗಿ ಸೀಸೆಯನ್ನು ಒಯ್ಯುವುದು ಅವಳಿಗೆ ನಿತ್ಯವ್ರತವಾಗಿತ್ತು.

ಡಾಕ್ಟರು ಅಜ್ಜಿಯನ್ನು ಬಿಟ್ಟು ಮೊಮ್ಮಗಳ ಕಡೆಗೆ ತಿರುಗಿದರು.

ಡಾಕ್ಟರು: ನಂಜಿ, ನಿಜ ಹೇಳು. ಆಲೆಮನೆ ಕಡೆ ಹೋಗಿದ್ದೆಯಾ?

ನಂಜಿ: ಆಲೆಮನೆ ದಾರೀಲಿ ಮೂಗು ಮುಚ್ಕಂಡು ಓಡ್ತೀನಿ ಡಾಕ್ಟ್ರೆ. ವಾಸ್ನೆ ಒಳಕ್ಕೋದ್ರೂ ಕೆಂಪಾಯ್ತದಾ?

ಡಾಕ್ಟರು: ವಾಸನೆಯಿಂದ ಏನೂ ಆಗೋಲ್ಲ.

ನಂಜಿ: ಅಯ್ಯೋ! ಮೊದ್ಲೇ ಏಳ್ಬಾರ್ದಾ? ಉಸ್ರು ಕಟ್ಟಿ ಸಾಯಂಗಾಗಿತ್ತು!

ಡಾಕ್ಟರು ನಕ್ಕರೂ ನಗೆಯನ್ನು ಮೀಸೆಯೊಳಗೇ ಅಡಗಿಸಿ, ಹುಡುಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹೋದ ವಾರಕ್ಕಿಂತ ಒಂದು ಪೌಂಡು ಹೆಚ್ಚಿತ್ತು.

ಡಾಕ್ಟರು: ಬಾಯಾರಿಕೆ ಉಂಟೆ?

ದೇವಿರಮ್ಮ: ಇಲ್ಲ.

ಡಾಕ್ಟರು: ಮಲಗಿದವಳು ಮೂತ್ರಕ್ಕೆ ಏಳುತ್ತಾಳೆಯೆ?

ದೇವಿರಮ್ಮ: ಏಳಾದಾ? ನೀರೆರಚುದ್ರೂ ಏಳಕ್ಕಿಲ್ಲ. ಕುಂಬಕರ್ಣನ ತಂಗಿ.

ಡಾಕ್ಟರು: ಅದೇ! ಅದೇ ಆಶ್ಚರ್ಯ! ಮೈ ನೋಡಿದರೆ ಗುಣವಾಗಿದೆ. ಸೀಸೆ ನೋಡಿದರೆ ಕಾಯಿಲೆ ಏರಿದೆ. ಅಷ್ಟು ಸಕ್ಕರೆ ಕಳಕೊಂಡೂ ಮೈ ತುಂಬಿಕೊಳ್ಳೋ ಮಗು ಯಾವ ದೇಶದ ಪುಸ್ತಕದಲ್ಲೂ ಇಲ್ಲ ಅಜ್ಜಿ. ಇದೊಂದು ಹೊಸ ಬಗೆಯ ಮಧುಮೇಹ! ನಾನು ಆಗಲೇ ಹದಿನಾರು ಪುಟ ಬರೆದಿದ್ದೇನೆ. 'ಪೂರಿಗಾಲಿ ಮಧುಮೇಹ' ಅಂತಲೇ ಹೆಸರಿಟ್ಟಿದ್ದೇನೆ.

ದೇವಿರಮ್ಮ: ಥೂ, ಬುಡ್ತು ಅನ್ನಿ! ಊರ್ ಎಸ್ರು ಕಾಯ್ಲೇಗಿಕ್ತಾರಾ? ನಾಳೀಕೆ ನಮ್ಮೂರಿಗೆ ಎಣ್ ಕೊಟ್ಟಾರಾ ಯಾರಾನಾ?

ಡಾಕ್ಟರು: ಹೆಸರಿನ ಮಾತು ಆಮೇಲೆ. ಇವಳನ್ನು ಮೈಸೂರಿನ ಮಕ್ಕಳ ವಾರ್ಡಿನಲ್ಲಿ ಮೂರು ತಿಂಗಳು ಇಟ್ಟು ನೋಡಬೇಕು. ಇಗೋ, ಚೀಟಿ ಬರೆದಾಗಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು.

ನಂಜಿಯ ಮುಖವು ಕಂದಿತು. ಅಜ್ಜಿಯು ಮೊಮ್ಮಗಳನ್ನು ಸೆರಗಿನೊಳಕ್ಕೆ ಸೆಳೆದುಕೊಂಡಳು.

ದೇವಿರಮ್ಮ: ಮೂರು ತಿಂಗ್ಳು ಅಲ್ಲೇನ್ ಮಾಡ್ತೀರಿ ಮಗೀಗೆ?

ಡಾಕ್ಟರು: ಹೊತ್ತು ಹೊತ್ತಿಗೆ ಮೂತ್ರ ಹಿಡಿದು ಪರೀಕ್ಷೆ ಮಾಡ್ತೀವಿ.

ದೇವಿರಮ್ಮ: ಅದ್ಕೆ ಮೈಸೂರ್ಗಂಟ ಯಾಕೋಗ್ಬೇಕು? ನಮ್ಮೂರ್ ಇತ್ಲಲ್ಲಿ ಕೂತ್ಕತಾಳೆ, ನೀವೇ ಬಂದು ನೋಡ್ಕಳಿ. ಇಲ್ದಿದ್ರೆ ನಾನೂ ಜೊತೇಲಿ ಬತ್ತೀನಿ.

ಡಾಕ್ಟರು: ಅಲ್ಲಿ ದೊಡ್ಡವರಿಗೆ ಜಾಗವಿಲ್ಲ.

ದೇವಿರಮ್ಮ: ಅಂಗಾರೆ ಮಗೀಗೂ ಜಾಗ ಇಲ್ಲ ಅಂದ್ಕಳಿ! ಅಮಾಸೆ ಕಳುದ್ಮೇಲೆ ನಮ್ ಪಕ್ಕದ್ಮನೆ ಹೊಂಬಾಳಮ್ಮನ ಗಂಟ್ಲು ಗಂಟನ್ನ ಟೇಪಿಡ್ದು ಅಳ್ದು ಬರ್ಕಂಡ್ರಿ. ಗಂಟು ಇಳೀತಾ? ಬರ್ಕಳಕ್ಕೆ ನಿಮ್ಗೊಂದು ಮೈ ಸಿಕ್ರೆ ಸಾಕು.

ಡಾಕ್ಟರು: ಇಳಿಯಿತೋ ಇಲ್ಲವೋ ಅಂತ ತಿಳಿಯೋಕೆ ಮೊದಲು ಅಳೀಬೇಕಲ್ಲ ಅಜ್ಜಿ!

ನಂಜಿ: (ಸೆರಗಿನಿಂದ ತಲೆಯನ್ನು ಹೊರಹಾಕಿ) ಡಾಕ್ಟ್ರೆ, ಬೆಳಿಗ್ಗೆಯಿಂದ ನಾನೇನೂ ತಿಂದಿಲ್ಲ. ಇಲ್ಲೇ, ಈಗ್ಲೇ ಇನ್ನೊಂದ್ಕಿತ ನೋಡಿ. ಆಗ್ಲೂ ಕೆಂಪಾದ್ರೆ ಬಸ್ಸತ್ತೀನಿ. ನೀಲಿಯಾದ್ರೆ ನೀವು ನನ್ನ ಕಳ್ಳಿ ಅನ್ಬಾರ್ದು.

ಮಾತು ನ್ಯಾಯವಾದುದು. ಡಾಕ್ಟರು ಬೀರುವಿನಿಂದ ಹೊಸ ಸೀಸೆಯೊಂದನ್ನು ತೆಗೆದರು. ಹುಡುಗಿ ಕೈಚಾಚುವಷ್ಟರಲ್ಲಿ ಅಜ್ಜಿಯು ಅದಕ್ಕೆ ಕೈಹಾಕಿದಳು.

ದೇವಿರಮ್ಮ: ಕೊಡಿಲ್ಲಿ, ನಾನು ಅಣಿ ಮಾಡ್ಕೊಡ್ತೀನಿ.

ಡಾಕ್ಟರು: ಅಣಿಯಾಗಿಯೇ ಇದೆ. ನೀವು ಕೂತ್ಕೊಳ್ಳಿ.

ದೇವಿರಮ್ಮ: ಸುಮ್ನೆ ಅಂಗೇ ಕೊಡಾದಾ? ಒಂದ್ಗಳ್ಗೆ ಮನೆತಾವ್ಕೋಗಿ ಬಂದ್ಬುಡ್ತೀನಿ.

ಡಾಕ್ಟರು: ಅಜ್ಜಿ! ನೀವು ಈ ಬೆಂಚು ಬಿಟ್ಟು ಕದಲಬಾರದು.

ನಂಜಿಯು ಹಿತ್ತಿಲಿಗೆ ಹೋಗಿ ಬಂದಳು. ಡಾಕ್ಟರು ನೀಲಿ ದ್ರಾವಣಕ್ಕೆ ಎಂಟು ಹನಿಗಳನ್ನು ಬಿಟ್ಟು, ನಳಿಗೆಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದರು. ಅಜ್ಜಿಯು ಮಹದೇಶ್ವರನನ್ನು ನೆನೆದು ಕಣ್ಣು ಮುಚ್ಚಿದಳು. ದ್ರಾವಣವು ಕುದಿಯಿತು, ಗುಳ್ಳೆ ಎದ್ದಿತು, ಶರತ್ಕಾಲದ ಆಕಾಶದಂತೆ ನಿರ್ಮಲವಾದ ನೀಲಿಯಾಗಿಯೇ ಉಳಿಯಿತು.

ನಂಜಿ: ನೀಲಿ! ಅಜ್ಜಿ, ಕಣ್ಬುಡು, ನೀಲಿ!

ಡಾಕ್ಟರು: ಇದು ಹೇಗೆ? ಒಂದೇ ಮಗು, ಒಂದೇ ಬೆಳಗು. ಮನೆಯಿಂದ ತಂದದ್ದು ಕೆಂಪು, ಇಲ್ಲಿಯದು ನೀಲಿ! ಅಜ್ಜಿ, ಮನೆಯಲ್ಲಿ ಈ ಸೀಸೆಯನ್ನು ಯಾರು ಮುಟ್ತಾರೆ?

ದೇವಿರಮ್ಮ: ಇನ್ಯಾರೂ ಮುಟ್ಟಕ್ಕಿಲ್ಲ. ನಾನೇ ಬೂದಿ ಆಕಿ ಉಜ್ತೀನಿ. ಮೂರ್ಸಾರಿ ತೊಳ್ದು ಬಿಸ್ಲಲ್ಲಿ ಒಣಗುಸ್ತೀನಿ. ಆಮೇಲೆ ಉಗುರ್ನಷ್ಟು ಬೆಲ್ಲ ಆಕಿ ಮಗಿನ ಕೈಗೆ ಕೊಡ್ತೀನಿ.

ಡಾಕ್ಟರು ನಳಿಗೆಯನ್ನು ಮೇಜಿನ ಮೇಲಿಟ್ಟು ಅಜ್ಜಿಯ ಮುಂದೆ ಬಂದು ನಿಂತರು.

ಡಾಕ್ಟರು: ಏನು ಹಾಕ್ತೀರಿ?

ದೇವಿರಮ್ಮ: ಬೆಲ್ಲ. ಅಚ್ಚು ಬೆಲ್ಲ ಸ್ವಾಮಿ, ಕಲ್ಲು ಮಣ್ಣು ಇಲ್ಲ.

ಡಾಕ್ಟರು: ಯಾಕೆ? ಯಾಕಮ್ಮ ತಾಯಿ?

ದೇವಿರಮ್ಮ: ಇದೇನಿಂಗ್ ಕೇಳ್ತೀರಿ? ಇನ್ನೊಬ್ರ ಮನೆ ಪಾತ್ರೆ ಬರಿದು ಕೊಟ್ಟಾರಾ? ಪಕ್ಕದ ಮನೆ ಚೆಂಬಾದ್ರೂ ನಾಕು ಮೆಣಸಿನ್ಕಾಯಿ ಆಕಿ ಕೊಡ್ತೀವಿ. ನೀವು ಮಗೀಗೆ ಜೀವ ಕೊಟ್ಟೋರು. ನಿಮ್ ಸೀಸೆ ಬರಿದು ಕಳಿಸಾದಾ?

ಡಾಕ್ಟರು: ಬರಿದು ಎಲ್ಲಿದೆ? ತುಂಬಿ ಕಳಿಸ್ತೀರಲ್ಲ!

ದೇವಿರಮ್ಮ: ಉಚ್ಚೆ ತುಂಬುದ್ರೆ ತುಂಬ್ದಂಗಾ? ಓದಿದೋರಾಗಿ ನೀವು ಆಡೋ ಮಾತಾ ಇದು? ನನ್ ಸೊಸೆ ತಿಂಗ್ಳುಗಟ್ಲೆ ಅದೊಂದನ್ನೇ ತಂದು ನಿಮ್ ಕೈಲಿಟ್ಲಂತೆ. ಕೇಳಿ ನಾಚ್ಕೆಯಿಂದ ನನ್ ತಲೆ ಕೆಳಕ್ಕೋಯ್ತು. ಮನೆ ಮರ್ವಾದೆ ಉಳ್ಸೋನ ಅಂತ ಬೆಲ್ಲ ಆಕ್ದೆ.

ಡಾಕ್ಟರು ಬೆವರೊರೆಸಿಕೊಂಡು ಕುರ್ಚಿಯಲ್ಲಿ ಕುಸಿದರು. ಅವರ ಧ್ವನಿಯು ಒಂದು ಗಳಿಗೆ ಮೃದುವಾಯಿತು.

ಡಾಕ್ಟರು: ಅಜ್ಜಿ, ಆ ಕೆಂಪನ್ನು ನಂಬಿ ನಾನು ಸೂಜಿ ಮದ್ದು ಹೆಚ್ಚಿಸಿದ್ದರೆ ಮಗು ಎಚ್ಚರ ತಪ್ಪಿ ಬೀಳುತ್ತಿತ್ತು. ಇವಳ ಮೈ ನೋಡಿ ಕೈ ತಡೆದೆ. ದೇವರು ದೊಡ್ಡವನು. ಇನ್ನು ಆ ಸೀಸೆಗೆ ಏನೂ ಹಾಕಬಾರದು.

ದೇವಿರಮ್ಮ: (ಮೊಮ್ಮಗಳನ್ನು ಬಾಚಿ ತಬ್ಬಿ, ಕಣ್ಣೊರೆಸಿಕೊಂಡು) ಅಯ್ಯೋ ನನ್ ಕೂಸೇ! ಆಕಕ್ಕಿಲ್ಲ ಬುದ್ಧಿ, ಆಣೆ ಮಾಡ್ತೀನಿ. ಏನೂ ಆಕಕ್ಕಿಲ್ಲ. (ಕಣ್ಣಿನಿಂದ ಸೆರಗನ್ನು ತೆಗೆದು) ಒಂದರಳು ಉಪ್ಪು?

ಡಾಕ್ಟರು: ಬೇಡ!

ದೇವಿರಮ್ಮ: ಎಲಡಿಕೆ?

ಡಾಕ್ಟರು: ಬೇಡವೇ ಬೇಡ! ನನ್ನ ಮರ್ಯಾದೆ ಉಳಿಯಬೇಕಾದರೆ ಮೂತ್ರ ಒಂದೇ ಬರಲಿ.

ಹೀಗೆಂದು ಹದಿನಾರು ಪುಟಗಳ ಲೇಖನವನ್ನೆತ್ತಿ, ಅದರ ತಲೆಬರಹವನ್ನೊಮ್ಮೆ ಕರುಣೆಯಿಂದ ನೋಡಿ, ಕಸದ ಬುಟ್ಟಿಯ ಪಾಲುಮಾಡಿದರು.

ಡಾಕ್ಟರು: ಪೂರಿಗಾಲಿಯ ಹೊಸ ಕಾಯಿಲೆ ಇವತ್ತಿಗೆ ಗುಣವಾಯಿತು. ನಂಜಿ, ನಿನ್ನನ್ನು ಹನ್ನೊಂದು ದಿನ ಕಳ್ಳಿ ಅಂದೆ. ತಪ್ಪು ನನ್ನದು. ಮೈಸೂರಿಗೆ ಹೋಗೋದು ಬೇಡ.

ಅವರು ಚೀಟಿಯನ್ನು ಹರಿಯಲು ಕೈಗೆತ್ತಿಕೊಂಡರು. ನಂಜಿಯು ಓಡಿಬಂದು ಅವರ ಕೈಯನ್ನು ಹಿಡಿದುಕೊಂಡಳು.

ನಂಜಿ: ಅರೀಬ್ಯಾಡಿ ಡಾಕ್ಟ್ರೆ!

ಡಾಕ್ಟರು: ಯಾಕಮ್ಮ? ಮೈಸೂರು ನೋಡೋ ಆಸೆಯೆ?

ನಂಜಿ: ನಂಗಲ್ಲ. ಬೆಲ್ಲ ತಿಂದಿದ್ದು ಸೀಸೆ, ಬೈಸ್ಕಂಡಿದ್ದು ನಾನು, ತಿನ್ಸಿದ್ದು ಅಜ್ಜಿ. ಬರ್ದಿರೋ ಚೀಟಿ ಯಾಕೆ ದಂಡ ಮಾಡ್ತೀರಿ? ಅದ್ರಲ್ಲಿರೋ ನನ್ ಎಸ್ರು ಮಾತ್ರ ತಿದ್ದುಬುಡಿ.