ಡ್ರಿಲ್ ಮೇಷ್ಟ್ರ ಬೀಜಗಣಿತ

ಗಣಿತದ ಮೇಷ್ಟ್ರ ಹಲ್ಲು ನೋಯದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆ ಹಲ್ಲಾದರೂ ನೋಯಲು ಶಾಲಾ ತಪಾಸಣೆಯ ದಿನವನ್ನೇ ಆರಿಸಿಕೊಂಡಿತು. ಬೆಳಿಗ್ಗೆ ಅವರ ಹೆಂಡತಿ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಯಜಮಾನರ ಕೆನ್ನೆ ಊದಿಕೊಂಡಿದೆ, ಬಾಯಿ ಬಿಡದೆ ಪಾಠ ಮಾಡಬಹುದಾದರೆ ಕಳಿಸುತ್ತೇನೆ ಎಂದರು.

ಹೆಡ್‌ಮಾಸ್ಟರಿಗೆ ಕೈಕಾಲು ಆಡಲಿಲ್ಲ. ತಪಾಸಣೆಗೆ ಬಂದವರು ಮೊದಲು ನೋಡುವುದೇ ಗಣಿತ ಎಂಬುದು ಅವರ ನಂಬಿಕೆ. ಸ್ಟಾಫ್ ರೂಮಿಗೆ ಬಂದು ಒಬ್ಬೊಬ್ಬರ ಮುಖ ನೋಡಿದರು. ವಿಜ್ಞಾನದ ಮೇಷ್ಟ್ರಿಗೆ ಅದೇ ಹೊತ್ತಿಗೆ ಬೇರೆ ಕ್ಲಾಸು, ಭಾಷೆಯ ಮೇಡಂಗೂ ಬೇರೆ ಕ್ಲಾಸು. ಉಳಿದವರು ಡ್ರಿಲ್ ಮೇಷ್ಟ್ರು. ಅವರಿಗೂ ಆಗ ಮೈದಾನದಲ್ಲಿ ಆಟದ ಪೀರಿಯಡ್ ಇತ್ತು. ಆದರೆ ಮಕ್ಕಳಿಗೆ ಆಟ ಆಡಲು ಮೇಷ್ಟ್ರು ಬೇಕೇ ಎಂಬುದು ಹೆಡ್‌ಮಾಸ್ಟರ ಬಹುಕಾಲದ ಅನುಮಾನ.

"ಗಣಿತದ ಮೇಷ್ಟ್ರು ನೀವೇ ಅಂತ ಹೇಳಿಬಿಡ್ತೀನಿ. ಒಂದು ಪೀರಿಯಡ್ ನನ್ನ ಮಾನ ಉಳಿಸಿ, ನಿಮ್ಮ ಕೆಲಸ ಖಾಯಂ ಮಾಡಿಸೋದು ನನಗೆ ಬಿಡಿ" ಎಂದರು.

ಖಾಯಂ ಎಂದ ಮೇಲೆ ಡ್ರಿಲ್ ಮೇಷ್ಟ್ರು ಬಾವಿಗೆ ಹಾರು ಎಂದರೂ ಹಾರುವವರೇ. ಪಾಪ, ಎಷ್ಟೋ ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. ಈ ಸಲವೂ ಖಾಯಂ ಆಗದಿದ್ದರೆ ಭಾವಮೈದುನನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಲು ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಭಾವಮೈದುನ ಅವರನ್ನು ಈಗಲೇ "ಏನ್ ಭಾವ, ಯಾವಾಗಿಂದ ಬರ್ತೀರಿ?" ಎಂದು ಕೇಳತೊಡಗಿದ್ದ.

ಅಂದಿನ ಪಾಠ ಸಜಾತಿ ಪದಗಳು ಮತ್ತು ವಿಜಾತಿ ಪದಗಳು. ಅದೇನೆಂದು ಕೇಳಿದ್ದೇ ತಡ, ಎಲ್ಲರೂ ಗುರುಗಳಾದರು. ಒಂದೇ ಜಾತಿಯ ಪದಗಳನ್ನು ಮಾತ್ರ ಕೂಡಬೇಕು, ಅಕ್ಷರ ಒಂದೇ ಇದ್ದರೆ ಮುಗಿಯಿತು ಎಂದರು ಭಾಷೆಯ ಮೇಡಂ. ಅಕ್ಷರದ ಹಿಂದಿನ ಸಂಖ್ಯೆಯೂ ಒಂದೇ ಇರಬೇಕು ಎಂದು ಗುಮಾಸ್ತರು ಅಡ್ಡ ಬಾಯಿ ಹಾಕಿದರು. ಅದು ಏನಿದ್ದರೂ ಪರವಾಗಿಲ್ಲ, ಅಕ್ಷರದ ತಲೆ ಮೇಲೆ ಕೂತ ಪುಟ್ಟ ಸಂಖ್ಯೆಯ ಬಗ್ಗೆ ಮಾತ್ರ ಹುಷಾರು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಯಾಕೆ ಹುಷಾರು ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ತಪಾಸಣೆಯ ಅಧಿಕಾರಿ ಬಂದಿಳಿದರು. ಅವರು ಏನೋ ಹೇಳಲು ಬಾಯಿ ತೆರೆದರು, ಹೆಡ್‌ಮಾಸ್ಟರು ಬಿಟ್ಟರೆ ತಾನೆ? ಬನ್ನಿ ಸರ್, ನಮ್ಮ ಗಣಿತದ ಪಾಠ ನೋಡಿ ಎನ್ನುತ್ತಾ ಕೈ ಹಿಡಿದು ಕರೆದುಕೊಂಡೇ ಹೋದರು. ಅಧಿಕಾರಿ ಕಿಟಕಿಯ ಪಕ್ಕದ ಕೊನೆಯ ಬೆಂಚನ್ನು ತಾವೇ ಆರಿಸಿಕೊಂಡು ಕೂತರು, ಹೆಡ್‌ಮಾಸ್ಟರು ಅವರ ಪಕ್ಕದಲ್ಲಿ.

ಡ್ರಿಲ್ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಎಕ್ಸ್, ಐದು ಎಕ್ಸ್ ಬರೆದು ಕೂಡಿ ಎಂಟು ಎಕ್ಸ್ ಮಾಡಿದರು. ಗುಮಾಸ್ತರ ಮಾತು ಸುಳ್ಳೆಂದು ಪುಸ್ತಕದಲ್ಲೇ ಇತ್ತು. ಎರಡು ವೈಯನ್ನು ದೂರ ಇಟ್ಟರು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಅಷ್ಟರಲ್ಲಿ ಕಿಟಕಿಯಾಚೆ ಗಲಾಟೆ ಎದ್ದಿತು. ಮೈದಾನದ ಮಕ್ಕಳಲ್ಲಿ ಅರ್ಧ ಜನ ಗೋಲು ಕಂಬಕ್ಕೆ ಬಾವಲಿಗಳ ಹಾಗೆ ಜೋತುಬಿದ್ದಿದ್ದರು, ಇನ್ನರ್ಧ ಜನ ಒಬ್ಬರ ಬೂಟನ್ನು ಇನ್ನೊಬ್ಬರು ಮರದ ಮೇಲೆಸೆಯುತ್ತಿದ್ದರು. ಯಾವನಾದರೂ ಬಿದ್ದು ಕೈ ಮುರಿದುಕೊಂಡರೆ ಗತಿಯೇನು ಎಂದು ಮೇಷ್ಟ್ರಿಗೆ ಚಿಂತೆಯಾಯಿತು. ಗದರೋಣವೆಂದರೆ ಗಣಿತದ ಮೇಷ್ಟ್ರಿಗೆ ಆಟದ ಉಸಾಬರಿ ಯಾಕೆ? ಅಧಿಕಾರಿಯೂ ಹೊರಗೆ ನೋಡಿದರು, ಏನೋ ಬರೆದುಕೊಂಡರು. ನನ್ನದೇ ತಪ್ಪು ಬರೆಯುತ್ತಿದ್ದಾರೆ ಎಂದುಕೊಂಡ ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಮುರಿಯಿತು.

ಆಗಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಎಕ್ಸ್, ಎಕ್ಸ್ ವರ್ಗ, ಎರಡರಲ್ಲೂ ಇರೋದು ಎಕ್ಸೇ ಅಲ್ವಾ? ಕೂಡಬಹುದಾ?"

ಮೇಷ್ಟ್ರು ಸ್ಟಾಫ್ ರೂಮಿನ ಪಾಠ ನೆನೆದರು. ಮೇಡಂ ಪ್ರಕಾರ ಕೂಡಬಹುದು. ವಿಜ್ಞಾನದವರ ಪ್ರಕಾರ ಹುಷಾರು. ಹೆಡ್‌ಮಾಸ್ಟರು ತಮಗೆಲ್ಲ ಗೊತ್ತೆಂಬಂತೆ ತಲೆಯನ್ನು ಮೇಲಕ್ಕೂ ಪಕ್ಕಕ್ಕೂ ಆಡಿಸಿದರು. ಖಾಯಂ ಕೆಲಸ ಕಣ್ಣೆದುರೇ ಕೈಜಾರುತ್ತಿದೆ ಎನಿಸಿ ಮೇಷ್ಟ್ರು ಮತ್ತೆ ಮೈದಾನದ ಕಡೆ ನೋಡಿದರು. ಅಲ್ಲಿ ಉತ್ತರ ಕಂಡಿತು.

"ಎಕ್ಸ್ ಅಂದ್ರೆ ನಮ್ಮ ಚೌಕದ ಮೈದಾನದ ಒಂದು ಬದಿ ಅಂತಿಟ್ಕೋ. ಎಕ್ಸ್ ವರ್ಗ ಅಂದ್ರೆ ಇಡೀ ಮೈದಾನ. ಬದಿ ಉದ್ದಕ್ಕೆ ಓಡು ಅಂತೀನಿ, ಇಡೀ ಮೈದಾನ ಗುಡಿಸು ಅಂತೀನಿ. ಎರಡೂ ಒಂದೇನಾ?"

"ಅಯ್ಯೋ, ಇಲ್ಲ ಸರ್" ಎಂದಿತು ಇಡೀ ತರಗತಿ.

"ಹಾಗಾದ್ರೆ ಓಡಿದ್ದಕ್ಕೆ ಓಡಿದ್ದು ಕೂಡಿ, ಗುಡಿಸಿದ್ದಕ್ಕೆ ಗುಡಿಸಿದ್ದು ಕೂಡಿ."

ಮಕ್ಕಳ ಮುಖ ಅರಳಿತು. ನಿಜ ಹೇಳಬೇಕೆಂದರೆ ಮೇಷ್ಟ್ರಿಗೂ ಅದು ಅರ್ಥವಾದದ್ದು ಆಗಲೇ. ಅವರಿಗೆ ತಮ್ಮ ಮೇಲೆಯೇ ಪ್ರೀತಿ ಉಕ್ಕಿತು.

ಅಧಿಕಾರಿ ಎದ್ದು ಬಂದು ಕೈ ಕುಲುಕಿದರು. ಇಷ್ಟು ಸೊಗಸಾದ ಪಾಠ ಕೇಳಿಲ್ಲ, ಗಣಿತದ ಮೇಷ್ಟ್ರಿಗೆ ಬಡ್ತಿ ಕೊಡಲು ಶಿಫಾರಸು ಮಾಡುತ್ತೇನೆ ಎಂದರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿದರು.

"ಆದ್ರೆ ನಾನು ಬಂದಿದ್ದು ಗಣಿತ ನೋಡೋಕಲ್ಲ, ಆಟ ನೋಡೋಕೆ. ಹೇಳೋಕೆ ನೀವು ಬಿಡಲೇ ಇಲ್ಲ. ಅದಕ್ಕೇ ಕಿಟಕಿ ಹತ್ರ ಕೂತೆ. ಪೀರಿಯಡ್ ಮುಗೀತಾ ಬಂತು, ನಿಮ್ಮ ಡ್ರಿಲ್ ಮೇಷ್ಟ್ರು ಎಲ್ಲಿ?"

ಹೆಡ್‌ಮಾಸ್ಟರು ಡ್ರಿಲ್ ಮೇಷ್ಟ್ರನ್ನು ನೋಡಿದರು. ಡ್ರಿಲ್ ಮೇಷ್ಟ್ರು ನೆಲ ನೋಡಿದರು.

"ಅವರು ಸ್ವಲ್ಪ ಬೇಜವಾಬ್ದಾರಿ ಮನುಷ್ಯ ಸರ್" ಎಂದರು ಹೆಡ್‌ಮಾಸ್ಟರು, ಕಣ್ಣು ತಪ್ಪಿಸಿ.

"ಇಲ್ಲ ಸರ್, ಒಳ್ಳೆಯವರೇ. ಇನ್ನೊಂದು ಅವಕಾಶ ಕೊಟ್ಟು ನೋಡಿ" ಎಂದು ಡ್ರಿಲ್ ಮೇಷ್ಟ್ರು ಅಂಗಲಾಚಿದರು.

ನೋಡೋಣ, ಮೊದಲು ಯಾರಾದರೂ ಆ ಮಕ್ಕಳನ್ನು ಇಳಿಸಿ ಎಂದರು ಅಧಿಕಾರಿ. ಮೇಷ್ಟ್ರು ಬಿಲ್ಲಿನಿಂದ ಬಿಟ್ಟ ಬಾಣದಂತೆ ಮೈದಾನಕ್ಕೆ ಓಡಿದರು. ಇದೇ ತಕ್ಕ ಸಮಯ, ತಮ್ಮ ಕೆಲಸವೇನೆಂದು ತೋರಿಸಿಬಿಡಬೇಕು. ಅವರ ಒಂದೇ ಕೂಗಿಗೆ ಕಂಬದಲ್ಲಿದ್ದವರು ಇಳಿದರು, ಬೂಟುಗಳು ಕಾಲು ಸೇರಿದವು, ಇಡೀ ತರಗತಿ ದಾರ ಹಿಡಿದಂತೆ ಸಾಲಾಗಿ ನಿಂತಿತು. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಅಂಥ ಡ್ರಿಲ್ಲನ್ನು ಅವರು ಜನ್ಮದಲ್ಲೇ ಮಾಡಿಸಿರಲಿಲ್ಲ.

ಕಿಟಕಿಯಿಂದ ಅಧಿಕಾರಿಯ ಚಪ್ಪಾಳೆ ಕೇಳಿಸಿತು. ಮೇಷ್ಟ್ರು ಬೆವರು ಒರೆಸಿಕೊಂಡು, ಎದೆ ಮುಂದೆ ಮಾಡಿ ನಿಂತರು. ಅಧಿಕಾರಿಯದು ದೊಡ್ಡ ಗಂಟಲು, ಹೆಡ್‌ಮಾಸ್ಟರಿಗೆ ಹೇಳಿದ್ದು ಮೈದಾನಕ್ಕೆಲ್ಲ ಕೇಳಿಸಿತು.

"ನೋಡಿ, ನಿಮ್ಮ ಗಣಿತದ ಮೇಷ್ಟ್ರೇ ಇಷ್ಟು ಚೆನ್ನಾಗಿ ಡ್ರಿಲ್ ಮಾಡಿಸ್ತಾರೆ. ನಿಮಗೆ ಬೇರೆ ಡ್ರಿಲ್ ಮೇಷ್ಟ್ರು ಯಾಕ್ರೀ ಬೇಕು? ಆ ಹುದ್ದೆ ತೆಗೆದುಬಿಡಿ."